ಎಐ ಮತ್ತು ಅಸೈನ್‌ಮೆಂಟ್: ಯಾವ ದಾರಿ ಯಾರಿಗೆ ಸರಿ?

ಈ ಸೆಮಿಸ್ಟರ್ ಶುರುವಾದಾಗಿನಿಂದ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತಿದೆ. "ಮೇಡಂ, ಚಾಟ್‌ಜಿಪಿಟಿ ಬಳಸಬಹುದಾ?" ಬಿಸಿಎ ಓದುವವರು ಕೇಳುತ್ತಾರೆ, ಎಂ.ಎ. ಪ್ರಾಜೆಕ್ಟ್ ಬರೆಯುವವರು ಕೇಳುತ್ತಾರೆ, ಮೊನ್ನೆ ಹಬ್ಬಕ್ಕೆ ಬಂದಿದ್ದ ನನ್ನ ಅಕ್ಕನ ಮಗ, ಇಂಜಿನಿಯರಿಂಗ್ ಎರಡನೇ ವರ್ಷ, ಅವನೂ ಕೇಳಿದ. ಬಳಸಿ ಅಥವಾ ಬಳಸಬೇಡಿ ಅಂತ ಒಂದೇ ಮಾತಲ್ಲಿ ಹೇಳಿಬಿಟ್ಟರೆ ಇವರಲ್ಲಿ ಯಾರಿಗೂ ಉಪಯೋಗವಿಲ್ಲ. ಅರ್ಥವಾಗದ ಪಾಠವನ್ನು ಇನ್ನೊಂದು ಸಲ ಹೇಳಿಸಿಕೊಳ್ಳುವುದೂ ಬಳಕೆಯೇ, ಇಡೀ ರಿಪೋರ್ಟ್ ಬರೆಸಿಕೊಂಡು ಸೀದಾ ಬೈಂಡಿಂಗ್‌ಗೆ ಕೊಡುವುದೂ ಬಳಕೆಯೇ. ಇವೆರಡರ ನಡುವೆ ಎಷ್ಟೋ ಮೆಟ್ಟಿಲುಗಳಿವೆ. ಯಾವ ಮೆಟ್ಟಿಲಲ್ಲಿ ನಿಲ್ಲಬೇಕು ಅನ್ನುವುದೇ ನಿಜವಾದ ಪ್ರಶ್ನೆ.

ನಾನು ಪದವಿ ತರಗತಿಗಳಿಗೆ ಪಾಠ ಮಾಡುತ್ತೇನೆ, ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಗೈಡ್ ಆಗಿದ್ದೇನೆ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಅಲ್ಲಿಂದ ಈಚೆಗೆ ನನ್ನ ಮೇಜಿನ ಮೇಲೆ ಬಂದ ರಿಪೋರ್ಟ್‌ಗಳನ್ನು ನೋಡಿ, ಬರೆದವರ ಜೊತೆ ಕೂತು ಮಾತಾಡಿ ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು, ಯಾವುದನ್ನು ನೋಡಿ ಅಳೆಯಬೇಕು

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಈ ಕೆಲಸದಲ್ಲಿ ಮಾರ್ಕ್ಸ್ ಯಾವುದಕ್ಕೆ? ಪ್ರತಿ ಅಸೈನ್‌ಮೆಂಟ್‌ಗೂ ಒಂದು ತಿರುಳು ಇರುತ್ತದೆ. ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲಿ ಲಾಜಿಕ್ ತಿರುಳು. ಕ್ಷೇತ್ರಕಾರ್ಯದ ವರದಿಯಲ್ಲಿ ನೀವು ಊರಿಗೆ ಹೋಗಿ ನೋಡಿದ್ದು, ಕೇಳಿದ್ದು ತಿರುಳು. ಇಂಗ್ಲಿಷ್ ಭಾಷಾ ಪತ್ರಿಕೆಯ ಪ್ರಬಂಧದಲ್ಲಿ ಇಂಗ್ಲಿಷೇ ತಿರುಳು. ಹಾಗಾಗಿ ವ್ಯಾಕರಣ ತಿದ್ದಿಸಿಕೊಳ್ಳುವುದು ಅರ್ಥಶಾಸ್ತ್ರದ ರಿಪೋರ್ಟಿನಲ್ಲಿ ಸಣ್ಣ ಸಹಾಯ, ಆದರೆ ಇಂಗ್ಲಿಷ್ ಪ್ರಬಂಧದಲ್ಲಿ ಅದೇ ಕೆಲಸ ಬೇರೆಯವರ ಕೈಲಿ ಪರೀಕ್ಷೆ ಬರೆಸಿದ ಹಾಗೆ. ತಿರುಳನ್ನು ಕೊಡಬೇಡಿ. ಉಳಿದದ್ದರಲ್ಲಿ ಸಹಾಯ ತೆಗೆದುಕೊಳ್ಳಿ, ತೆಗೆದುಕೊಂಡದ್ದನ್ನು ಹೇಳಿ.

ಎರಡನೆಯದು, ವೈವಾದಲ್ಲಿ ಉತ್ತರ ಕೊಡಲು ಆಗುತ್ತದಾ ಅನ್ನುವುದು. ಒಂದು ಸಲ ಒಬ್ಬ ಹುಡುಗನ ರಿಪೋರ್ಟಿನಲ್ಲಿ 'ಹೆಟೆರೋಸ್ಕೆಡಾಸ್ಟಿಸಿಟಿ' ಅನ್ನುವ ಸಂಖ್ಯಾಶಾಸ್ತ್ರದ ಪದ ನಾಲ್ಕು ಕಡೆ ಇತ್ತು. ಹಾಗಂದರೆ ಏನಪ್ಪಾ ಅಂತ ಹೊರಗಿನಿಂದ ಬಂದ ಪರೀಕ್ಷಕರು ಮೆತ್ತಗೇ ಕೇಳಿದರು. ಅವನು ರಿಪೋರ್ಟ್ ತಿರುವಿ ಹಾಕಿದ, ಆ ಪುಟ ಹುಡುಕಿದ, ಸಿಗಲಿಲ್ಲ, ಸುಮ್ಮನೆ ನಿಂತ. ತಿಂಗಳುಗಟ್ಟಲೆ ಅಂಗಡಿ ಅಂಗಡಿ ಸುತ್ತಿ ಮಾಹಿತಿ ತಂದವನು ಅವನೇ. ಆ ಶ್ರಮವೂ ಆ ಒಂದು ನಿಮಿಷದಲ್ಲಿ ಅನುಮಾನಕ್ಕೆ ಬಿತ್ತು. ನನಗೆ ಬಹಳ ಬೇಜಾರಾಯಿತು.

ಮೂರನೆಯದು, ತಪ್ಪಿದ್ದರೆ ನಿಮಗೆ ಗೊತ್ತಾಗುತ್ತದಾ? ನಿಮಗೆ ಏನೂ ಗೊತ್ತಿಲ್ಲದ ವಿಷಯದಲ್ಲಿ ಎಐ ಸುಳ್ಳು ಹೇಳಿದರೆ ಹಿಡಿಯುವವರು ಯಾರು? ನಾಲ್ಕನೆಯದು, ನೀವು ಏನು ಮಾಡಿದಿರಿ ಅನ್ನುವುದನ್ನು ರಿಪೋರ್ಟಿನ ಮೊದಲ ಪುಟದಲ್ಲೇ ಬರೆಯಲು ಮನಸ್ಸು ಒಪ್ಪುತ್ತದಾ? ಬರೆಯಲು ಕೈ ಹಿಂಜರಿದರೆ ಆ ಬಳಕೆ ಬೇಡ. ಇದಾದ ಮೇಲೆ ಸಮಯ ಮತ್ತು ದುಡ್ಡು.

ದುಡ್ಡಿನ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಕೋರ್ಸ್ ಕೆಲಸಕ್ಕೆ ಉಚಿತವಾಗಿ ಸಿಗುವಷ್ಟೇ ಸಾಕು. 2025ರ ಆಗಸ್ಟ್‌ನಲ್ಲಿ ಚಾಟ್‌ಜಿಪಿಟಿ ಗೋ ಅನ್ನುವ ಪ್ಲಾನ್ ತಿಂಗಳಿಗೆ 399 ರೂಪಾಯಿಗೆ ಬಂತು, ಅದಕ್ಕಿಂತ ಮೇಲಿನ ಪ್ಲಸ್ ಆಗ 1,999 ಇತ್ತು, ವಿದ್ಯಾರ್ಥಿಗಳಿಗೆ ಆಗಾಗ ಉಚಿತ ಆಫರ್‌ಗಳೂ ಬರುತ್ತಿರುತ್ತವೆ. ಆಫರ್ ಸಿಕ್ಕರೆ ತೆಗೆದುಕೊಳ್ಳಿ. ಅಪ್ಪ ಅಮ್ಮನ ಹತ್ತಿರ ಕೇಳಿ 1,999 ಕೊಡಬೇಕಾದ ಯಾವ ಬಿ.ಎ., ಬಿ.ಕಾಂ ಅಸೈನ್‌ಮೆಂಟನ್ನೂ ನಾನು ನೋಡಿಲ್ಲ.

ದಾರಿ ಒಂದು: ಮುಟ್ಟುವುದೇ ಇಲ್ಲ

ಇದನ್ನು ಹಳೇ ಕಾಲದವರ ಮಾತು ಅಂತ ತಳ್ಳಿಹಾಕಬೇಡಿ. ಮೂರು ಸಂದರ್ಭಗಳಲ್ಲಿ ಇದೇ ಸರಿಯಾದ ದಾರಿ. ಮೇಷ್ಟ್ರು ಸ್ಪಷ್ಟವಾಗಿ ಬೇಡ ಅಂದಿದ್ದರೆ, ಅಲ್ಲಿಗೆ ಮಾತು ಮುಗಿಯಿತು. ಕ್ಲಾಸಲ್ಲೇ ಕೂತು ಬರೆಯುವ ಟೆಸ್ಟ್, ಆನ್‌ಲೈನ್ ಕ್ವಿಜ್ ಆದರೂ ಹಾಗೆಯೇ. ಇನ್ನು ಮೊದಲ ಸೆಮಿಸ್ಟರ್‌ನ ಬುನಾದಿ ವಿಷಯಗಳು. ಮೊದಲ ಸಲ ಲೂಪ್ ಬರೆಯುವವರು, ಮೊದಲ ಸಲ ಜರ್ನಲ್ ಎಂಟ್ರಿ ಹಾಕುವವರು, ಮೊದಲ ಸಲ ಒಂದು ಕವಿತೆಯ ಬಗ್ಗೆ ಸ್ವಂತ ಅಭಿಪ್ರಾಯ ಬರೆಯುವವರು ಒದ್ದಾಡಿಯೇ ಕಲಿಯಬೇಕು. ಒದ್ದಾಡದೇ ಬಂದದ್ದು ಪರೀಕ್ಷೆ ಹಾಲ್‌ನಲ್ಲಿ ಕೈಕೊಡುತ್ತದೆ.

ಇಂಜಿನಿಯರಿಂಗ್‌ನವರ ವಿಶ್ವವಿದ್ಯಾಲಯ ವಿಟಿಯುವಿನ 2022ರ ಸ್ಕೀಮಿನಲ್ಲಿ ಥಿಯರಿ ವಿಷಯಕ್ಕೆ ಇಂಟರ್ನಲ್ಸ್ 50, ಸೆಮಿಸ್ಟರ್ ಪರೀಕ್ಷೆ 50. ರಾಜ್ಯದ ಪದವಿ ಕೋರ್ಸ್‌ಗಳಲ್ಲಿ 2024ರಿಂದ ಪರೀಕ್ಷೆಗೇ 80, ಇಂಟರ್ನಲ್ಸ್‌ಗೆ 20. ಪೆನ್ನು ಹಿಡಿದು ಒಬ್ಬರೇ ಕೂತು ಬರೆಯುವ ಆ ಮೂರು ಗಂಟೆಯಲ್ಲಿ ಸಹಾಯಕ್ಕೆ ಯಾರೂ ಇರುವುದಿಲ್ಲ, ಅಲ್ವಾ?

ಇದರ ನಷ್ಟವೂ ಹೇಳಬೇಕು. ಮನೆಯಲ್ಲಿ ಓದಿದವರಿಲ್ಲದ, ಟ್ಯೂಷನ್‌ಗೆ ದುಡ್ಡಿಲ್ಲದ, ರಾತ್ರಿ ಹತ್ತು ಗಂಟೆಗೆ ಒಂದು ಡೌಟ್ ಬಂದರೆ ಕೇಳಲು ಯಾರೂ ಇಲ್ಲದ ಮಕ್ಕಳಿಗೆ 'ಮುಟ್ಟಲೇಬೇಡಿ' ಅನ್ನುವುದು ಬಾಗಿಲು ಹಾಕಿದ ಹಾಗೆ. ಪ್ರೊಫೆಸರ್ ಮಗಳಿಗೆ ಊಟದ ಮೇಜಿನಲ್ಲೇ ಉತ್ತರ ಸಿಗುತ್ತದೆ. ಇವರಿಗೆ ಸಿಗುವುದು ಫೋನಿನಲ್ಲಿ. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ.

ದಾರಿ ಎರಡು: ಪಾಠ ಹೇಳಿಸಿಕೊಳ್ಳುವುದು

ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಲಾಭ ಇಲ್ಲಿದೆ, ಅಪಾಯವೂ ಕಡಿಮೆ. ಎಐಯಿಂದ ಉತ್ತರ ಪಡೆಯುವ ಬದಲು ಪ್ರಶ್ನೆ ಕೇಳಿಸಿಕೊಳ್ಳಬೇಕು. ಹೇಗೆ ಅಂತ ತೋರಿಸುತ್ತೇನೆ. ಒಬ್ಬ ಬಿಸಿಎ ಹುಡುಗಿ ಫ್ಯಾಕ್ಟೋರಿಯಲ್ ಲೆಕ್ಕಕ್ಕೆ ರಿಕರ್ಷನ್ ಬಳಸಿ, ಅಂದರೆ ತನ್ನನ್ನೇ ಮತ್ತೆ ಮತ್ತೆ ಕರೆಯುವ ಹಾಗೆ, ಫಂಕ್ಷನ್ ಬರೆದಿದ್ದಳು. ರನ್ ಮಾಡಿದರೆ ಪ್ರತಿ ಸಲ ಎರರ್. 'ಸರಿಮಾಡಿ ಕೊಡು' ಅಂದಿದ್ದರೆ ಎರಡು ಸೆಕೆಂಡಿನಲ್ಲಿ ಸರಿಯಾದ ಕೋಡ್ ಬರುತ್ತಿತ್ತು. ನಾನು ಪಕ್ಕದಲ್ಲಿ ಕೂತು ಹೀಗೆ ಟೈಪ್ ಮಾಡಲು ಹೇಳಿದೆ, ಕನ್ನಡದಲ್ಲೇ: "ಇದು ನಾನು ಬರೆದ ಕೋಡ್. ಉತ್ತರ ಹೇಳಬೇಡ, ಕೋಡ್ ಬರೆದು ಕೊಡಬೇಡ. ನನ್ನ ತಪ್ಪು ನನಗೇ ಸಿಗುವ ಹಾಗೆ ಒಂದೊಂದೇ ಪ್ರಶ್ನೆ ಕೇಳು."

ಮೊದಲ ಪ್ರಶ್ನೆ ಬಂತು. ಸಂಖ್ಯೆ 3 ಕೊಟ್ಟರೆ ನಿಮ್ಮ ಫಂಕ್ಷನ್ ತನ್ನನ್ನೇ ಯಾವ ಯಾವ ಸಂಖ್ಯೆಯ ಜೊತೆ ಕರೆಯುತ್ತದೆ? ಅವಳು ನೋಟ್‌ಬುಕ್ಕಿನಲ್ಲಿ ಬರೆದಳು: 3, 2, 1, 0, ಮೈನಸ್ 1, ಮೈನಸ್ 2. ಅಲ್ಲಿಗೆ ಪೆನ್ನು ನಿಂತಿತು. "ಮೇಡಂ, ಇದು ನಿಲ್ಲೋದೇ ಇಲ್ಲ!" ಎರಡನೇ ಪ್ರಶ್ನೆ ಬೇಕಾಗಲಿಲ್ಲ. ಎಲ್ಲಿ ನಿಲ್ಲಬೇಕು ಅಂತ ಹೇಳುವ ಸಾಲನ್ನು ಅವಳೇ ಸೇರಿಸಿದಳು. ಆ ಸಾಲನ್ನು ಅವಳು ಇನ್ನು ಮರೆಯುವುದಿಲ್ಲ.

ಇದರಲ್ಲಿ ಸಮಯ ಜಾಸ್ತಿ ಹೋಗುತ್ತದೆ, ಅದು ನಿಜ. ಐದು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಆಗುತ್ತದೆ. ಇನ್ನೊಂದು ಕಷ್ಟ ಏನೆಂದರೆ, ಎಐ ತಪ್ಪು ಹೇಳಿದರೂ ಅದೇ ಗಟ್ಟಿ ದನಿಯಲ್ಲಿ ಹೇಳುತ್ತದೆ. ಆದ್ದರಿಂದ ಪಠ್ಯಪುಸ್ತಕ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಎರಡೂ ಒಂದಕ್ಕೊಂದು ಹೊಂದಲಿಲ್ಲ ಅಂದರೆ ಮಾರನೇ ದಿನ ಮೇಷ್ಟ್ರನ್ನು ಕೇಳಿ. ಒಳ್ಳೆಯ ಪ್ರಶ್ನೆ ತಂದವರನ್ನು ಯಾವ ಮೇಷ್ಟ್ರೂ ಬೈಯುವುದಿಲ್ಲ.

ದಾರಿ ಮೂರು: ಆಕರ ಹುಡುಕಲು ಬಳಸುವುದು

ಇಲ್ಲಿ ಬಹಳ ಜನ ಎಡವುತ್ತಾರೆ. ಎಐ ಪುಸ್ತಕದ ಹೆಸರು, ಲೇಖಕರು, ಪುಟ ಸಂಖ್ಯೆ ಎಲ್ಲವನ್ನೂ ಹುಟ್ಟಿಸಿಕೊಡಬಲ್ಲದು. ಅದು ಬೇಕಂತಲೇ ಸುಳ್ಳು ಹೇಳುತ್ತಿಲ್ಲ. ಮುಂದೆ ಯಾವ ಪದ ಬಂದರೆ ಸಹಜವಾಗಿರುತ್ತದೆ ಅಂತ ಊಹಿಸಿ ಪೋಣಿಸುವುದು ಅದರ ಕೆಲಸ. ಉಲ್ಲೇಖದ ಹಾಗೆ ಕಾಣುವ ಉಲ್ಲೇಖ ಅದಕ್ಕೆ ಸಾಕು. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಕೋರ್ಟೊಂದು ವಕೀಲರಿಗೆ 5,000 ಡಾಲರ್ ದಂಡ ಹಾಕಿದ್ದು ಇದೇ ಕಾರಣಕ್ಕೆ, ಚಾಟ್‌ಜಿಪಿಟಿ ಹುಟ್ಟಿಸಿಕೊಟ್ಟ, ಇಲ್ಲವೇ ಇಲ್ಲದ ತೀರ್ಪುಗಳನ್ನು ಅವರು ಕೋರ್ಟಿಗೆ ಸಲ್ಲಿಸಿದ್ದರು.

ಕನ್ನಡ ಎಂ.ಎ. ಮಾಡುವವರಿಗೆ ಇದು ಇನ್ನೂ ಹತ್ತಿರದ ಅಪಾಯ. ದುಡಿಮೆಯ ಬಗ್ಗೆ ಒಂದು ವಚನ ಕೊಡು ಅಂದರೆ ಎಐ ನಾಲ್ಕು ಸಾಲು ಹೊಸೆದು, ಕೊನೆಗೆ 'ಕೂಡಲಸಂಗಮದೇವಾ' ಅಂತ ಅಂಕಿತ ಸೇರಿಸಿ ಕೊಟ್ಟುಬಿಡಬಹುದು. ಓದಿದರೆ ವಚನದ ಹಾಗೇ ಇರುತ್ತದೆ. ಬಸವಣ್ಣನವರು ಅದನ್ನು ಎಂದೂ ಹೇಳಿರುವುದಿಲ್ಲ. ಒಂದು ಸೆಮಿನಾರ್ ಪ್ರಬಂಧದಲ್ಲಿ ಇಂಥದ್ದೊಂದು ಸಿಕ್ಕಿತು. ಸಮಗ್ರ ವಚನ ಸಂಪುಟದಲ್ಲಿ ಇಬ್ಬರೂ ಕೂತು ಹುಡುಕಿದೆವು, ಎಲ್ಲೂ ಇರಲಿಲ್ಲ. ಬರೆದ ಹುಡುಗಿಗೆ ಕಣ್ಣಲ್ಲಿ ನೀರು ಬಂತು. ಮೋಸ ಮಾಡಬೇಕು ಅಂತ ಅವಳು ಮಾಡಿರಲಿಲ್ಲ. ನಂಬಿದ್ದಳು ಅಷ್ಟೇ.

ಹಾಗಾದರೆ ಈ ದಾರಿಯೇ ಬೇಡವಾ? ಬೇಕು, ಆದರೆ ಸಲಕರಣೆ ನೋಡಿ ಆರಿಸಿಕೊಳ್ಳಿ. ಬರೀ ನೆನಪಿನಿಂದ ಹೇಳುವ ಚಾಟ್‌ಬಾಟ್ ಆಕರಕ್ಕೆ ಅತಿ ಕೆಟ್ಟದ್ದು. ವೆಬ್ ಹುಡುಕಿ ಕೊಂಡಿ ಕೊಡುವಂಥದ್ದು, ಪರ್ಪ್ಲೆಕ್ಸಿಟಿಯ ಹಾಗೆ, ಸ್ವಲ್ಪ ಮೇಲು, ಆದರೆ ಕೊಂಡಿ ತೆರೆದು ಓದಲೇಬೇಕು, ಕೆಲವು ಸಲ ಅಲ್ಲಿ ಬೇರೆಯದೇ ಇರುತ್ತದೆ. ನೀವೇ ಪಿಡಿಎಫ್‌ಗಳನ್ನು ಹಾಕಿ ಅದರೊಳಗಿನಿಂದ ಉತ್ತರ ಕೇಳುವಂಥದ್ದು, ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ಥರದ್ದು, ಇವುಗಳಲ್ಲಿ ಹೆಚ್ಚು ನಂಬಿಕೆಗೆ ತಕ್ಕದ್ದು. ಎಲ್ಲಿಂದ ತೆಗೆದುಕೊಂಡಿದೆ ಅಂತ ತೋರಿಸುತ್ತದೆ, ಆ ಜಾಗಕ್ಕೆ ಹೋಗಿ ನೋಡಬಹುದು. ಪಿಎಚ್.ಡಿ. ಪ್ರಬಂಧಗಳು ಬೇಕಿದ್ದರೆ ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ, ಇಳಿಸಿಕೊಂಡು ಅದರೊಳಗೆ ಹಾಕಿ ಕೇಳಿ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಕಣ್ಣಾರೆ ನೋಡದ ಪುಟವನ್ನು ಆಕರಪಟ್ಟಿಗೆ ಹಾಕಬೇಡಿ.

ಹಾಂ, ಒಂದು ಮಾತು. ಕ್ಷೇತ್ರಕಾರ್ಯದಲ್ಲಿ ಜನ ನಿಮ್ಮನ್ನು ನಂಬಿ ಹೇಳಿದ ಸಾಲದ ವಿಷಯ, ಕಾಯಿಲೆಯ ವಿಷಯ, ಹೆಸರು, ಫೋನ್ ನಂಬರ್ ಇದ್ದ ಹಾಳೆಯನ್ನು ಹಾಗೇ ಎತ್ತಿ ಚಾಟ್‌ಬಾಟ್‌ಗೆ ಹಾಕಬೇಡಿ. ಅದು ಅವರದು.

ದಾರಿ ನಾಲ್ಕು: ಬರೆದದ್ದನ್ನು ತಿದ್ದಿಸುವುದು

ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆಯಬೇಕಾದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ತಲೆಯಲ್ಲಿ ವಿಷಯ ಇರುತ್ತದೆ, ಕೈಗೆ ವಾಕ್ಯ ಬರುವುದಿಲ್ಲ. ಇಷ್ಟು ವರ್ಷ ಇವರ ಮಾರ್ಕ್ಸ್ ಭಾಷೆಯಲ್ಲೇ ಸೋರಿಹೋಗುತ್ತಿತ್ತು. ವಿಷಯಕ್ಕೆ ಮಾರ್ಕ್ಸ್ ಇರುವ ಕಡೆ, ಗೈಡ್ ಒಪ್ಪಿದರೆ, ಧಾರಾಳವಾಗಿ ಬಳಸಿ.

ಆದರೆ ಎಚ್ಚರ ಬೇಕು. ಒಬ್ಬ ಹುಡುಗಿ ತನ್ನ ತಾಲ್ಲೂಕಿನ ಎರಡು ಊರುಗಳಲ್ಲಿ ಸರ್ವೆ ಮಾಡಿ ಬರೆದಿದ್ದಳು: ಆ ವರ್ಷ ಮಳೆ ಕಡಿಮೆಯಾಯಿತು, ಅದಕ್ಕೆ ಎಷ್ಟೋ ಮನೆಯವರು ಕೆಲಸಕ್ಕೆ ಬೆಂಗಳೂರಿಗೆ ಹೋದರು. ಇಂಗ್ಲಿಷ್ ಒರಟಾಗಿತ್ತು, ಅರ್ಥ ಸ್ಪಷ್ಟವಾಗಿತ್ತು. ತಿದ್ದಿಸಿದ ಮೇಲೆ ಅದೇ ವಾಕ್ಯ ಏನಾಗಿತ್ತು ಗೊತ್ತಾ? ದಶಕಗಳಿಂದ ಮಳೆ ಕುಸಿಯುತ್ತಿರುವುದೇ ಗ್ರಾಮೀಣ ವಲಸೆಗೆ ಕಾರಣ ಅಂತ. ಅವಳ ಹತ್ತಿರ ಇದ್ದದ್ದು ಒಂದೇ ವರ್ಷದ ಮಾಹಿತಿ. ಭಾಷೆ ತಿದ್ದಲು ಕೊಟ್ಟರೆ ತೀರ್ಮಾನವೇ ಬದಲಾಗಿ ಬಂದಿತ್ತು, ಅವಳು ಗಮನಿಸಿರಲಿಲ್ಲ. ಹಾಗಾಗಿ ಕೇಳುವಾಗಲೇ ಹೀಗೆ ಕೇಳಿ: "ವ್ಯಾಕರಣ ಮತ್ತು ಕಾಗುಣಿತದ ತಪ್ಪು ಮಾತ್ರ ತೋರಿಸು. ಅರ್ಥ, ಪದಗಳು, ವಾಕ್ಯದ ಕ್ರಮ ಬದಲಿಸಬೇಡ. ಪ್ರತಿ ತಪ್ಪೂ ಯಾಕೆ ತಪ್ಪು ಅಂತ ಒಂದು ಸಾಲಿನಲ್ಲಿ ಹೇಳು." ಒಂದೊಂದೇ ಪ್ಯಾರಾ ಕೊಡಿ. ತಿದ್ದುಪಡಿಯನ್ನು ನಿಮ್ಮ ಕೈಯಿಂದಲೇ ಹಾಕಿ. ನಿಧಾನ ಆಗುತ್ತದೆ, ಆದರೆ ಹತ್ತು ಪ್ಯಾರಾ ಆಗುವಷ್ಟರಲ್ಲಿ ಅದೇ ತಪ್ಪು ಮತ್ತೆ ಮಾಡುವುದು ಕಡಿಮೆಯಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಈ ದಾರಿಯಿಂದ ಲಾಭ ಕಡಿಮೆ. ಎಐ ತಿದ್ದಿದ ಕನ್ನಡ ಬಹಳ ಸಲ ಇಂಗ್ಲಿಷಿನಿಂದ ಇಳಿಸಿದ ಹಾಗಿರುತ್ತದೆ, ನಿಮ್ಮ ಸೀದಾ ಮಾತನ್ನು ಸಂಸ್ಕೃತದ ದೊಡ್ಡ ಪದಗಳಿಂದ ತುಂಬುತ್ತದೆ. ಕಾಗುಣಿತ ನೋಡಿಸಿಕೊಂಡರೆ ಸಾಕು.

ದಾರಿ ಐದು: ಕರಡು ಬರೆಸಿ, ಆಮೇಲೆ ತಿದ್ದುವುದು

ಎಲ್ಲರನ್ನೂ ಸೆಳೆಯುವುದು ಇದೇ. 'ಅದು ಬರೆಯಲಿ, ನಾನು ಆಮೇಲೆ ನನ್ನ ಮಾತಲ್ಲಿ ಬದಲಿಸುತ್ತೇನೆ.' ಕಷ್ಟ ಏನೆಂದರೆ, ಯೋಚನೆ ನಡೆಯುವುದೇ ಮೊದಲ ಕರಡಿನಲ್ಲಿ. ಯಾವುದು ಮೊದಲು, ಯಾವುದು ಮುಖ್ಯ, ಯಾವುದು ಬೇಡ ಅಂತ ನಿರ್ಧಾರ ಮಾಡುವುದು ಅಲ್ಲೇ. ಅದು ಮುಗಿದ ಮೇಲೆ ನಿಮಗೆ ಉಳಿಯುವುದು ಪದ ಬದಲಿಸುವ ಕೆಲಸ.

ಮೇಷ್ಟ್ರೇ ಇದನ್ನು ಕೇಳಿದ್ದರೆ ಮಾತು ಬೇರೆ. ಎಐ ಬರೆದ ಪ್ರಬಂಧ ತಂದು ಅದರ ತಪ್ಪು ಹುಡುಕಿ ಅನ್ನುವ ಅಸೈನ್‌ಮೆಂಟ್ ನಾನೇ ಕೊಡುತ್ತೇನೆ, ಮಕ್ಕಳು ತುಂಬಾ ಚೆನ್ನಾಗಿ ಮಾಡುತ್ತಾರೆ. ಪ್ರಾಜೆಕ್ಟಿನ ತಿರುಳು ಬೇರೆ ಇದ್ದು, ವೆಬ್‌ಸೈಟಿನ ಡಮ್ಮಿ ಬರಹ, ಪೋಸ್ಟರಿನ ಚಿತ್ರ ಇಂಥದ್ದು ಬೇಕಿದ್ದರೂ ಸರಿ. ಇವೆರಡು ಬಿಟ್ಟರೆ ಈ ದಾರಿಗೆ ನಾನು ಹೂಂ ಅನ್ನುವುದಿಲ್ಲ. ಪೂರ್ತಿ ಬರೆಸಿ ಹೆಸರು ಹಾಕಿಕೊಳ್ಳುವುದನ್ನು ಹೋಲಿಕೆಗೇ ತೆಗೆದುಕೊಂಡಿಲ್ಲ. ಪ್ರಾಜೆಕ್ಟ್ ಮಾರುವ ಅಂಗಡಿಯಿಂದ ರಿಪೋರ್ಟ್ ಕೊಂಡುಕೊಂಡದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಸಿಕ್ಕಿಬೀಳುವುದು, ಸಿಕ್ಕಿಹಾಕಿಕೊಳ್ಳುವುದು

'ಸಿಮಿಲಾರಿಟಿ 6 ಪರ್ಸೆಂಟ್ ಬಂತು, ಅಂದಮೇಲೆ ಸೇಫ್ ಅಲ್ವಾ?' ಅಂತ ಕೇಳುತ್ತಾರೆ. ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಅಂದುಕೊಂಡಿದ್ದಾರೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮ ಹೇಳುವುದು ಬೇರೆ ಬರಹದ ಜೊತೆಗಿನ ಹೋಲಿಕೆಯ ಬಗ್ಗೆ. ಸಂಶೋಧನಾ ಪ್ರಬಂಧದಲ್ಲಿ 10 ಪರ್ಸೆಂಟ್‌ವರೆಗೆ ದಂಡನೆ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ತಿದ್ದಿ ಕೊಡುವ ಹಾಗೂ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಎಐ ಬರೆದದ್ದು ಎಲ್ಲಿಂದಲೂ ಹಾಗೇ ನಕಲಾಗಿರುವುದಿಲ್ಲ, ಹಾಗಾಗಿ ಈ ಲೆಕ್ಕದಲ್ಲಿ ಕಡಿಮೆ ಬರಬಹುದು. ಕಡಿಮೆ ಬಂತು ಅಂದಮಾತ್ರಕ್ಕೆ ಅದು ನೀವು ಬರೆದದ್ದು ಅಂತ ಆಗುವುದಿಲ್ಲ.

ಎಐ ಡಿಟೆಕ್ಟರ್ ಬೇರೆ ಸಲಕರಣೆ. ಅದು ಊಹೆ ಮಾಡುತ್ತದೆ, ಊಹೆ ತಪ್ಪುತ್ತದೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ತನ್ನದೊಂದು ಡಿಟೆಕ್ಟರ್ ಬಿಟ್ಟಿತ್ತು. ಎಐ ಬರಹದಲ್ಲಿ ಅದು ಹಿಡಿಯುತ್ತಿದ್ದದ್ದು 26 ಪರ್ಸೆಂಟ್ ಮಾತ್ರ, ಮನುಷ್ಯರು ಬರೆದದ್ದರಲ್ಲೂ 9 ಪರ್ಸೆಂಟನ್ನು ಎಐ ಅನ್ನುತ್ತಿತ್ತು. ಜುಲೈನಲ್ಲಿ ಹಿಂದಕ್ಕೆ ತೆಗೆದುಕೊಂಡರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಇಂಗ್ಲಿಷ್ ಮನೆಮಾತಲ್ಲದವರು ಬರೆದ ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಹಾಕಿ ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಎಐ ಅಂದವು. ಸರಳ ಪದ, ಒಂದೇ ಥರದ ವಾಕ್ಯ ಬಳಸುವವರು ಹೆಚ್ಚು ಸಿಕ್ಕಿಹಾಕಿಕೊಳ್ಳುತ್ತಾರೆ. ಅಂದರೆ ನಮ್ಮ ಮಕ್ಕಳೇ. ಇದನ್ನು ನನ್ನ ಜೊತೆ ಕೆಲಸ ಮಾಡುವವರಿಗೂ ಹೇಳುತ್ತಿರುತ್ತೇನೆ: ಡಿಟೆಕ್ಟರ್ ಕೊಟ್ಟ ಒಂದು ಅಂಕಿ ನೋಡಿ ಮಗುವಿನ ಮೇಲೆ ಅಪವಾದ ಹೊರಿಸಬೇಡಿ, ಕರೆದು ಕೂರಿಸಿ ಕೇಳಿ.

ನೀವು ಪ್ರಾಮಾಣಿಕವಾಗಿ ಬರೆದಿದ್ದರೂ ಸಾಕ್ಷಿ ಇಟ್ಟುಕೊಳ್ಳಿ. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಯಾವ ದಿನ ಏನು ಬರೆದಿರಿ ಅನ್ನುವ ಇತಿಹಾಸ ಉಳಿಯುತ್ತದೆ. ಕೈಬರಹದ ಟಿಪ್ಪಣಿ ಎಸೆಯಬೇಡಿ. ಎಐ ಜೊತೆಗಿನ ಮಾತುಕತೆ ಅಳಿಸಬೇಡಿ. 'ಎಐ ಅಂತ ಗೊತ್ತಾಗದ ಹಾಗೆ ಮಾಡುತ್ತೇವೆ' ಅನ್ನುವ ಸೈಟ್‌ಗಳ ಹತ್ತಿರ ಹೋಗಬೇಡಿ. ಮುಚ್ಚಿಡುವುದಕ್ಕೇ ಇರುವ ಸಲಕರಣೆ ಅದು, ಬಳಸಿದ್ದು ಗೊತ್ತಾದರೆ ಸಮಜಾಯಿಷಿ ಕೊಡಲು ಏನೂ ಉಳಿಯುವುದಿಲ್ಲ.

ಬಳಸಿದ್ದನ್ನು ಹೇಳುವುದಕ್ಕೆ ಉದ್ದ ಬರೆಯಬೇಕಿಲ್ಲ. ಆ ಎರಡು ಊರಿನ ಹುಡುಗಿ ಕೊನೆಗೆ ಬರೆದದ್ದು ಹೀಗೆ: "ಈ ವರದಿಯ ಸರ್ವೆ, ಲೆಕ್ಕ, ತೀರ್ಮಾನ ನನ್ನವು. 2 ಮತ್ತು 4ನೇ ಅಧ್ಯಾಯದ ಇಂಗ್ಲಿಷ್ ವ್ಯಾಕರಣ ನೋಡಲು ಚಾಟ್‌ಜಿಪಿಟಿ ಬಳಸಿದ್ದೇನೆ. ಅದು ಸೂಚಿಸಿದ ಆಕರ ಯಾವುದನ್ನೂ ಸೇರಿಸಿಲ್ಲ. ಎಲ್ಲ ಆಕರಗಳನ್ನೂ ಮೂಲದಲ್ಲಿ ನೋಡಿದ್ದೇನೆ." ಪರೀಕ್ಷಕರು ಓದಿ ತಲೆಯಾಡಿಸಿ, ಸೀದಾ ಸರ್ವೆಯ ಬಗ್ಗೆ ಕೇಳಲು ಶುರುಮಾಡಿದರು. ಇಪ್ಪತ್ತು ನಿಮಿಷ ಅವಳು ಮಾತಾಡಿದಳು.

ಹಾಗಾದರೆ ನೀವು?

ಪದವಿ ಮೊದಲ ವರ್ಷದವರಾದರೆ ಒಂದು ಮತ್ತು ಎರಡನೇ ದಾರಿಯಲ್ಲೇ ಇರಿ. ಲ್ಯಾಬ್ ಇರುವವರು, ಕೋಡ್ ಬರೆಯುವವರು ಎರಡನೆಯದನ್ನು ರೂಢಿ ಮಾಡಿಕೊಳ್ಳಿ, ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ಕೇಳುವುದು ನಿಮ್ಮನ್ನೇ. ಇಂಗ್ಲಿಷ್ ಕಷ್ಟ, ವಿಷಯ ಗಟ್ಟಿ ಅನ್ನುವವರಿಗೆ ನಾಲ್ಕನೆಯದು. ಎಂ.ಎ., ಪಿಎಚ್.ಡಿ.ಯವರಿಗೆ ಮೂರು ಮತ್ತು ನಾಲ್ಕು ಎರಡೂ ಬೇಕಾಗುತ್ತದೆ, ಗೈಡ್ ಹತ್ತಿರ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಕೆಲಸ ಮಾಡಿಕೊಂಡು ಓದುವವರಿಗೆ ಸಮಯವೇ ದೊಡ್ಡ ಕೊರತೆ ಅಂತ ಗೊತ್ತು. ನೀವು ಸಮಯ ಉಳಿಸಬೇಕಾದ್ದು ಮೂರನೇ ದಾರಿಯಲ್ಲಿ, ಐದನೆಯದರಲ್ಲಿ ಅಲ್ಲ.

ನಿಮ್ಮ ಕಾಲೇಜಿನಲ್ಲಿ ಏನೂ ನಿಯಮ ಹೇಳಿಲ್ಲ ಅಂದರೆ ಸುಮ್ನೆ ಇರಬೇಡಿ, ಕೇಳಿ. 'ಎಐ ಬಳಸಬಹುದಾ' ಅಂತ ಕೇಳಿದರೆ ಬೇಡ ಅನ್ನುವುದು ಸುಲಭ. ಬದಲಿಗೆ ಹೀಗೆ ಕೇಳಿ ನೋಡಿ: "ಸರ್, ಈ ರಿಪೋರ್ಟಿನ ವ್ಯಾಕರಣ ತಿದ್ದಲು ಎಐ ಬಳಸಿ, ಬಳಸಿದ್ದೇನೆ ಅಂತ ಕೊನೆಯಲ್ಲಿ ಬರೆದರೆ ಪರವಾಗಿಲ್ಲವಾ?" ಇಷ್ಟು ನಿರ್ದಿಷ್ಟವಾಗಿ ಕೇಳಿದರೆ ನಿರ್ದಿಷ್ಟವಾದ ಉತ್ತರವೇ ಬರುತ್ತದೆ.

ಇದನ್ನು ಓದುತ್ತಿರುವವರಲ್ಲಿ ನಾಡಿದ್ದೇ ಸಬ್ಮಿಷನ್ ಇರುವವರೂ ಇರುತ್ತೀರಿ. ಇವತ್ತು ರಾತ್ರಿ ಫೋನ್ ಪಕ್ಕಕ್ಕಿಟ್ಟು ನಿಮಗೆ ಗೊತ್ತಿರುವಷ್ಟನ್ನು ಕೈಯಲ್ಲಿ ಬರೆಯಿರಿ, ಕನ್ನಡದಲ್ಲೇ ಆದರೂ ಸರಿ, ನಾಲ್ಕು ಪುಟ ಆದರೂ ಸರಿ. ನಾಳೆ ಬೆಳಿಗ್ಗೆ ಎಲ್ಲಿ ತೊಡಕಾಯಿತೋ ಅಲ್ಲಿ ಎರಡನೇ ದಾರಿ ಹಿಡಿದು ಅರ್ಥ ಮಾಡಿಕೊಳ್ಳಿ. ಮಧ್ಯಾಹ್ನ ನೀವೇ ಟೈಪ್ ಮಾಡಿ, ಸಂಜೆ ತಿದ್ದಿಸಿ, ಕೊನೆಯಲ್ಲಿ ಆ ನಾಲ್ಕು ಸಾಲು ಸೇರಿಸಿ. ಹತ್ತು ಪುಟ ಕೇಳಿದ್ದಾರೆ, ಏಳೇ ಆಯಿತು ಅಂದರೆ ಏಳನ್ನೇ ಕೊಡಿ.